ಮಲಿಕು ದ್ವೀಪದ ಜನ ಮತ್ತು ನುಡಿ

(ಬಾನುಲಿ ಭಾಷಣದ ಬರಹರೂಪ)

ನಾಲ್ಕು ದಶಕಗಳ ಹಿಂದಿನ ಮಾತು. ನಾನು ಮಂಗಳೂರಿನಲ್ಲಿ ಕನ್ನಡ ಅಧ್ಯಾಪಕನಾಗಿ ಸೇರಿದ ಹೊಸತು. ಸಂಜೆಯಾದರೆ ಹಳೆ ಬಂದರಿನ ದಕ್ಕೆಯ ಕಡೆ ತಿರುಗಾಡಲು ಹೋಗುವುದು ಅಭ್ಯಾಸವಾಗಿತ್ತು. ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟು ಹೊತ್ತೊಯ್ಯುವ ಮಂಜಿಗಳು ಅಲ್ಲಿ ಸಾಲಾಗಿ ನಿಂತಿರುತ್ತಿದ್ದವು. ಒಂದು ದಿನ ಬ್ಯಾರಿ ಭಾಷೆ ಬಲ್ಲ ಸಹೋದ್ಯೋಗಿಯೊಬ್ಬರು ಜೊತೆಗಿದ್ದರು. ಮಂಜಿಯೊಂದರ ಅಂಚಿನಲ್ಲಿ ಇಬ್ಬರು ನಾವಿಕರು ಹಗ್ಗ ಸುತ್ತುತ್ತ ಕುಳಿತಿದ್ದರು. ಗೆಳೆಯರು ಅವರನ್ನು ಮಾತಿಗೆಳೆದರು. ಒಬ್ಬಾತ ಅಮಿನಿ ದ್ವೀಪದವನು. ಅವನ ಮಾತು ಗೆಳೆಯರಿಗೆ ಹೆಚ್ಚುಕಡಮೆ ತಿಳಿಯುತ್ತಿತ್ತು. ಇನ್ನೊಬ್ಬಾತ ವಯಸ್ಸಾದವನು. “ಕಾಕಾ, ನೀವೂ ಅದೇ ದ್ವೀಪದವರೋ?” ಎಂದು ಕೇಳಿದ್ದಕ್ಕೆ ಆತ ನಕ್ಕು, “ಇವರೆಲ್ಲ ದ್ವೀಪದವರು. ನಾನು ಮಲಿಕುವಿನವನು” ಎಂದ.

ಮಲಿಕುವೂ ದ್ವೀಪವೇ ಅಲ್ಲವೆ ಎಂದು ನಮಗೆ ಆಶ್ಚರ್ಯವಾಯಿತು. “ನಿಮ್ಮ ಮಾತು ಬೇರೆಯೇನು?” ಎಂದರೆ, “ಬೇರೆಯೇ. ಅದು ಇಲ್ಲಿ ಯಾರಿಗೂ ಬಾರದು ಮಾಷ್ಟ್ರೇ” ಎಂದು ಉತ್ತರ ಬಂತು. ಒಂದರಿಂದ ಹತ್ತರವರೆಗೆ ಎಣಿಸಿ ತೋರಿಸಲು ಕೇಳಿಕೊಂಡೆವು. ಹಗ್ಗದ ಸುತ್ತುಗಳನ್ನೇ ಲೆಕ್ಕ ಹಿಡಿದು ಆತ ಎಣಿಸಿದ. ಏಳನೆಯ ಸುತ್ತಿಗೆ ಆತ ಆಡಿದ ಮಾತು ನನ್ನ ಕಿವಿಗೆ ‘ಹತ್ತು’ ಎಂದೇ ಕೇಳಿಸಿತು. ಮುದುಕ ಲೆಕ್ಕ ತಪ್ಪಿದನೆಂದು ಒಳಗೊಳಗೇ ನಕ್ಕೆ. ತಪ್ಪಿದವನು ನಾನು ಎಂಬುದು ತಿಳಿಯಲು ಕೆಲವು ವರ್ಷಗಳೇ ಬೇಕಾದವು.

ಮಲಿಕು ಎಂಬುದು ಆ ದ್ವೀಪದ ಜನ ತಮ್ಮ ನೆಲಕ್ಕೆ ಇಟ್ಟುಕೊಂಡಿರುವ ಹೆಸರು. ಸರಕಾರಿ ಕಾಗದಗಳಲ್ಲಿಯೂ ಭೂಪಟಗಳಲ್ಲಿಯೂ ಅದು ಮಿನಿಕಾಯ್. ಲಕ್ಷದ್ವೀಪ ಸಮೂಹದ ದಕ್ಷಿಣದ ತುತ್ತತುದಿಯಲ್ಲಿ, ಉಳಿದ ದ್ವೀಪಗಳಿಂದ ದೂರವಾಗಿ, ಅದು ಒಂಟಿಯಾಗಿ ನಿಂತಿದೆ. ಬಿದಿಗೆಯ ಚಂದ್ರನಂತೆ ಬಾಗಿದ ಹವಳದ ನೆಲ. ವಿಸ್ತಾರ ಐದು ಚದರ ಕಿಲೋಮೀಟರಿಗೂ ಕಡಿಮೆ. 2011ರ ಜನಗಣತಿಯಂತೆ ಅಲ್ಲಿದ್ದ ಜನ 10,447; ಇಡೀ ಲಕ್ಷದ್ವೀಪದ ಜನಸಂಖ್ಯೆ ಆಗ 64,473. ಎಂದರೆ, ಆರು ಮಂದಿ ಲಕ್ಷದ್ವೀಪದವರಲ್ಲಿ ಒಬ್ಬರು ಮಲಿಕುವಿನವರು. ಉತ್ತರಕ್ಕೆ ಹತ್ತಿರದ ಕಲ್ಪೇನಿ ದ್ವೀಪಕ್ಕೆ ಹೋಗಬೇಕಾದರೆ ಒಂಬತ್ತು ಡಿಗ್ರಿ ಕಾಲುವೆ ಎಂದು ನಾವಿಕರು ಕರೆಯುವ ಕಡಲನ್ನು ದಾಟಿ ಸುಮಾರು 200 ಕಿಲೋಮೀಟರು ಸಾಗಬೇಕು. ದಕ್ಷಿಣಕ್ಕೆ ಎಂಟು ಡಿಗ್ರಿ ಕಾಲುವೆಯನ್ನು ದಾಟಿದರೆ ಮಾಲ್ದೀವ್ಸ್‌ನ ಮೊದಲ ದ್ವೀಪ ಅದಕ್ಕಿಂತ ಹತ್ತಿರದಲ್ಲಿಯೇ ಸಿಗುತ್ತದೆ. ಉತ್ತರದ ದ್ವೀಪಗಳಲ್ಲಿ ಜನ ಆಡುವುದು ಜೆಸರಿ ಎಂಬ ಮಲಯಾಳದ ಒಂದು ಪ್ರಭೇದವನ್ನು. ಮಲಿಕುವಿನವರು ಆಡುವುದು ಮಾಲ್ದೀವ್ಸ್‌ನ ದಿವೆಹಿ ಭಾಷೆಯ ಒಂದು ರೂಪವನ್ನು. ನಮ್ಮ ದೇಶದಲ್ಲಿ ಅದಕ್ಕೆ ಮಹಲ್ ಎಂಬ ಹೆಸರು ಬಿದ್ದಿದೆ. ಆಡುವವರು ಮಾತ್ರ ದಿವೆಹಿ ಎಂದೇ ಹೇಳುತ್ತಾರೆ.

ಕನ್ನಡದ ಅಧ್ಯಾಪಕನಿಗೆ ಈ ದೂರದ ದ್ವೀಪದ ಉಸಾಬರಿ ಏಕೆಂದು ನೀವು ಕೇಳಬಹುದು. ಲಕ್ಷದ್ವೀಪದ ಉತ್ತರಭಾಗವಾದ ಅಮಿನಿ, ಕದಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಐದು ದ್ವೀಪಗಳಿಗೆ ಅಮಿನ್‌ದೀವಿ ಎಂದು ಹೆಸರು. ಕಣ್ಣಾನೂರಿನ ಅರಕ್ಕಲ್ ಮನೆತನದ ಆಳ್ವಿಕೆಗೆ ಬೇಸತ್ತ ಅಲ್ಲಿಯ ಜನ ಟಿಪ್ಪು ಸುಲ್ತಾನನ ಮೊರೆಹೊಕ್ಕರು. 1787ರಲ್ಲಿ ಅವು ಟಿಪ್ಪುವಿನ ವಶವಾದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕಂಪನಿ ಸರಕಾರದ ಕೈಸೇರಿ, ಮಂಗಳೂರಿನ ಕಲೆಕ್ಟರರ ಅಧೀನಕ್ಕೆ ಬಂದವು. ಅಮಿನಿಯಲ್ಲಿ ಮಣೆಗಾರನೊಬ್ಬ ಕುಳಿತು ಆಡಳಿತ ನಡೆಸುತ್ತಿದ್ದ. ದ್ವೀಪದ ತೆಂಗಿನ ನಾರಿನ ಹುರಿಯನ್ನು ಸರಕಾರವೇ ಕೊಂಡು ಬದಲಿಗೆ ಅಕ್ಕಿ ಅಳೆದುಕೊಡುವ ಪದ್ಧತಿ ಬಹುಕಾಲ ನಡೆಯಿತು. ಒಂದೂವರೆ ಶತಮಾನ ಕಾಲ ಆ ಐದು ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಯ ಭಾಗಗಳಾಗಿದ್ದವು. ಉಳಿದ ದ್ವೀಪಗಳೂ ಮಲಿಕುವೂ ಮಲಬಾರ್ ಜಿಲ್ಲೆಗೆ ಸೇರಿದ್ದವು.

1956ರ ನವೆಂಬರ್ 1 ನಮಗೆಲ್ಲ ಚಿರಪರಿಚಿತವಾದ ದಿನ. ಹರಿದು ಹಂಚಿಹೋಗಿದ್ದ ಕನ್ನಡನಾಡು ಅಂದು ಒಂದಾಯಿತು. ದಕ್ಷಿಣ ಕನ್ನಡ ಮದರಾಸನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ಅದೇ ದಿನ ಅಮಿನ್‌ದೀವಿಯನ್ನು ದಕ್ಷಿಣ ಕನ್ನಡದಿಂದಲೂ ಮಲಿಕುವನ್ನು ಮಲಬಾರಿನಿಂದಲೂ ಬೇರ್ಪಡಿಸಿ, ಎಲ್ಲ ದ್ವೀಪಗಳನ್ನೂ ಕೂಡಿಸಿ ಒಂದು ಕೇಂದ್ರಾಡಳಿತ ಪ್ರದೇಶವನ್ನು ರಚಿಸಲಾಯಿತು. ಲಕ್ಷದ್ವೀಪ ಎಂಬ ಹೆಸರು ಅದಕ್ಕೆ ಬಂದದ್ದು 1973ರಲ್ಲಿ. ಭಾಷೆಗೊಂದು ಮನೆ ಬೇಕೆಂಬ ತತ್ತ್ವದ ಮೇಲೆ ನಾಡನ್ನು ಕಟ್ಟಿದ ದಿನದಂದೇ, ಬೇರೊಂದು ಭಾಷೆಯನ್ನಾಡುವ ಈ ಪುಟ್ಟ ದ್ವೀಪ ಯಾವ ಭಾಷೆಯ ಮನೆಗೂ ಸೇರದೆ ಉಳಿಯಿತು. ನಮ್ಮ ಸಂಭ್ರಮದ ಗದ್ದಲದಲ್ಲಿ ಅದು ನಮ್ಮ ಗಮನಕ್ಕೆ ಬಂದಿರಲಾರದು.

ಈಗ ಮುದುಕನ ಎಣಿಕೆಗೆ ಬರೋಣ. ದಿವೆಹಿಯಲ್ಲಿ ಮೂರಕ್ಕೆ ‘ತಿನ್’, ನಾಲ್ಕಕ್ಕೆ ‘ಹತರು’, ಐದಕ್ಕೆ ‘ಫಸ್’, ಏಳಕ್ಕೆ ‘ಹತ್’, ಎಂಟಕ್ಕೆ ‘ಅಶ್’, ಒಂಬತ್ತಕ್ಕೆ ‘ನುವ’, ಹತ್ತಕ್ಕೆ ‘ದಿಹ’ ಎಂಬುವು ಮೂಲರೂಪಗಳು; ಎಣಿಸುವಾಗ ಇವಕ್ಕೆ ಪ್ರತ್ಯಯ ಹತ್ತುತ್ತದೆ. ಸಂಸ್ಕೃತ ಬಲ್ಲ ಕಿವಿ ಕೊಂಚ ನಿಧಾನಿಸಿದರೆ ಇವುಗಳ ಹಿಂದೆ ತ್ರಿ, ಚತುರ್, ಪಂಚ, ಸಪ್ತ, ಅಷ್ಟ, ನವ, ದಶ ಎಂಬುವು ನಿಂತಿರುವುದನ್ನು ಕಾಣಬಹುದು. ಚಕಾರ ಸಕಾರಗಳು ಹಕಾರವಾಗುತ್ತವೆ. ಆದುದರಿಂದಲೇ ಚಂದ್ರ ಅಲ್ಲಿ ‘ಹಂದು’. ಪಕಾರ ಫಕಾರವಾಗುತ್ತದೆ; ಆದುದರಿಂದ ಪಾನೀಯ ‘ಫೆನ್’ ಆಗಿ, ನೀರು ಎಂಬ ಅರ್ಥವನ್ನು ಕೊಡುತ್ತದೆ. ಗೃಹ ‘ಗೆ’ ಆಗಿದೆ, ಮತ್ಸ್ಯ ‘ಮಸ್’ ಆಗಿದೆ, ಭಾಷೆ ‘ಬಸ್’ ಆಗಿದೆ. ದಿವೆಹಿ ಎಂಬ ಮಾತೇ ‘ದ್ವೀಪವಾಸಿ’ ಎಂಬುದರಿಂದ ಸವೆದು ಬಂದದ್ದು. ದ್ವೀಪ ಎಂಬುದಕ್ಕೆ ಆ ಜನ ಬಳಸುವ ‘ರಶ್’ ಎಂಬ ಮಾತು ‘ರಾಷ್ಟ್ರ’ದ ತದ್ಭವ. ಐದು ಚದರ ಕಿಲೋಮೀಟರಿಗೂ ಕಿರಿದಾದ ನೆಲವನ್ನು ಅದರ ಮಕ್ಕಳು ರಾಷ್ಟ್ರವೆಂದು ಕರೆಯುವುದರಲ್ಲಿ ತಪ್ಪೇನೂ ಇಲ್ಲ; ಸುತ್ತ ಕಡಲಿರುವವನಿಗೆ ಕಾಲಡಿಯ ನೆಲವಷ್ಟೇ ರಾಷ್ಟ್ರ.

ಈ ಧ್ವನಿವ್ಯತ್ಯಾಸ ನಮಗೆ ಹೊಸದಲ್ಲ. ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ದಿವೆಹಿಯ ಪಕಾರವೂ ಅಂಥದೇ ಪಯಣವನ್ನು ಕೈಗೊಂಡು ಫಕಾರದಲ್ಲಿ ನಿಂತಿತು. ಅದೂ ಈಚಿನ ಕೆಲವು ಶತಮಾನಗಳಲ್ಲಿ. ಪಿರಾರ್ ದ ಲವಾಲ್ ಎಂಬ ಫ್ರೆಂಚ್ ಪ್ರವಾಸಿ 1602ರಲ್ಲಿ ಹಡಗು ಒಡೆದು ಮಾಲ್ದೀವ್ಸ್‌ನಲ್ಲಿ ಸೆರೆಸಿಕ್ಕಿ, ಐದು ವರ್ಷ ಅಲ್ಲಿಯೇ ಇದ್ದು ಭಾಷೆ ಕಲಿತು, ಒಂದು ಪದಪಟ್ಟಿಯನ್ನು ಬರೆದಿಟ್ಟಿದ್ದಾನೆ. ಇಂದು ಫಕಾರವಿರುವ ಎಡೆಗಳಲ್ಲಿ ಅವನ ಪಟ್ಟಿಯಲ್ಲಿ ಪಕಾರವಿದೆ.

ಆಗಿದ್ದರೆ ಈ ಭಾಷೆಯ ಬಂಧುಗಳು ಯಾರು? ಸಿಂಹಳದಲ್ಲಿ ಎಣಿಸುವವರು ತುನ, ಹತರ, ಪಹ, ಹಯ, ಹತ, ಅಟ ಎನ್ನುತ್ತಾರೆ. ಜರ್ಮನಿಯ ವಿಲ್ಹೆಲ್ಮ್ ಗೈಗರ್ ಎಂಬ ವಿದ್ವಾಂಸರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಿವೆಹಿಗೂ ಸಿಂಹಳಕ್ಕೂ ಇರುವ ನಂಟನ್ನು ಶಾಸ್ತ್ರೀಯವಾಗಿ ಸ್ಥಾಪಿಸಿದರು. ಅವರು ದಿವೆಹಿಯನ್ನು ಸಿಂಹಳದ ಮಗಳೆಂದು ಭಾವಿಸಿದರು. ಅನಂತರದ ವಿದ್ವಾಂಸರು, ಈ ಅಗಲಿಕೆ ಗೈಗರ್ ಎಣಿಸಿದ್ದಕ್ಕಿಂತ ಹಳೆಯದು, ಇವು ಒಂದೇ ಪ್ರಾಕೃತದ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕತಂಗಿಯರು ಎಂದು ತೋರಿಸಿದರು. ದಿವೆಹಿಯ ಕೆಳಪದರದಲ್ಲಿ ತಮಿಳು–ಮಲಯಾಳಗಳ ಗುರುತುಗಳಿವೆ ಎಂದು ಮಾಲ್ದೀವ್ಸ್‌ನ ಜನಜೀವನವನ್ನು ಅಧ್ಯಯನ ಮಾಡಿದ ಕ್ಲಾರೆನ್ಸ್ ಮಲೋನಿ ವಾದಿಸಿದ್ದಾರೆ. ಹೀಗೆ, ಮಲಿಕುವಿನ ಒಂದು ಮನೆಯ ಅಡುಗೆಕೋಣೆಯ ಮಾತಿನಲ್ಲಿ ಉತ್ತರದ ಪ್ರಾಕೃತ, ಸಿಂಹಳದ ಸೋದರತ್ವ, ದ್ರಾವಿಡ ನುಡಿಯ ನೆನಪು, ಮತಾಂತರದ ಜೊತೆಗೆ ಬಂದ ಅರಬ್ಬಿ – ಇವೆಲ್ಲ ಒಟ್ಟಿಗೇ ಕುಳಿತಿವೆ.

ಲಿಪಿಯ ಕಥೆ ಇನ್ನೂ ಸ್ವಾರಸ್ಯವಾದದ್ದು. ದಿವೆಹಿಗೆ ಮೊದಲಿದ್ದದ್ದು ಬ್ರಾಹ್ಮಿಯಿಂದ ಬಂದ, ಎಡದಿಂದ ಬಲಕ್ಕೆ ಬರೆಯುವ ಲಿಪಿ. ಹನ್ನೆರಡನೆಯ ಶತಮಾನದ ತಾಮ್ರಶಾಸನಗಳಲ್ಲಿ ಅದರ ಹಳೆಯ ರೂಪವಿದೆ. ಇಂದು ಬಳಕೆಯಲ್ಲಿರುವ ತಾನ ಎಂಬ ಲಿಪಿ ಬಲದಿಂದ ಎಡಕ್ಕೆ ಹರಿಯುತ್ತದೆ. ಇದರ ಮೊದಲ ಒಂಬತ್ತು ಅಕ್ಷರಗಳು ಅರಬ್ಬಿಯ 1ರಿಂದ 9ರವರೆಗಿನ ಅಂಕಿಗಳಿಂದ ಆದವು. ಮುಂದಿನ ಒಂಬತ್ತು ಸ್ಥಳೀಯವಾದ ಭಾರತೀಯ ಮೂಲದ ಅಂಕಿಗಳಿಂದ ಆದವು. ಕನ್ನಡದ ಓದುಗರಿಗೆ ಕುಮುದೇಂದು ಮುನಿಯ ಹೆಸರಿನಲ್ಲಿರುವ ಸಿರಿಭೂವಲಯದ ನೆನಪಾಗಬಹುದು. ಅಲ್ಲಿ ಅಕ್ಷರಗಳು ಅಂಕಿಗಳ ವೇಷ ತೊಟ್ಟಿವೆ. ಇಲ್ಲಿ ಅಂಕಿಗಳೇ ಅಕ್ಷರಗಳಾಗಿ ನೆಲೆನಿಂತಿವೆ. ಇನ್ನೂ ಒಂದು ಸಂಗತಿ: ದಿಕ್ಕು ಅರಬ್ಬಿಯದಾದರೂ ಸ್ವರವನ್ನು ಬರೆಯದೆ ಬಿಡುವ ಅರಬ್ಬಿಯ ರೂಢಿ ಇಲ್ಲಿ ಇಲ್ಲ. ನಮ್ಮ ಗುಣಿತಾಕ್ಷರಗಳಂತೆ ಪ್ರತಿಯೊಂದು ವ್ಯಂಜನದ ಮೇಲೋ ಕೆಳಗೋ ಸ್ವರಚಿಹ್ನೆ ಇರಲೇಬೇಕು. ಸ್ವರವಿಲ್ಲದಿದ್ದರೆ ಅದನ್ನು ಸೂಚಿಸುವ ಚಿಹ್ನೆಯಾದರೂ ಇರಬೇಕು. ಎರಡು ದಡಗಳ ಅಂಕಿಗಳನ್ನು ಕೂಡಿ ತನ್ನದೇ ಅಕ್ಷರಮಾಲೆಯನ್ನು ಮಾಡಿಕೊಂಡ ಜನ ಎರವಲು ತಂದವರಲ್ಲ, ಎರಕ ಹೊಯ್ದವರು.

ಭಾಷೆ ದಕ್ಷಿಣದ್ದು, ಆಳ್ವಿಕೆ ಉತ್ತರದ್ದು ಆದದ್ದು ಹೇಗೆ? ಈ ಕಡಲಿನ ದ್ವೀಪಗಳ ಮೇಲೆ ದೊರೆಗಳ ಕಣ್ಣು ಬಿದ್ದದ್ದು ಹಳೆಯ ಕಾಲದಲ್ಲಿಯೇ. ‘ಮುನ್ನೀರ ಹಳೆಯ ದ್ವೀಪಗಳು ಹನ್ನೆರಡು ಸಾವಿರ’ವನ್ನು ಗೆದ್ದೆನೆಂದು ಚೋಳ ರಾಜರಾಜನ ಶಾಸನಗಳು ಸಾರುತ್ತವೆ. ಮುನ್ನೀರ್ ಎಂಬ ಮಾತು ಹಳಗನ್ನಡ ಕಾವ್ಯ ಓದಿದವರಿಗೆ ಆಪ್ತವಾದದ್ದೇ. 1153ರಲ್ಲಿ ಮಾಲ್ದೀವ್ಸ್‌ನ ಅರಸು ಬೌದ್ಧಮತವನ್ನು ಬಿಟ್ಟು ಇಸ್ಲಾಮನ್ನು ಸ್ವೀಕರಿಸಿದನೆಂಬುದು ಅಲ್ಲಿಯ ಪರಂಪರೆ. ಮಲಿಕು ಒಂದು ಕಾಲಕ್ಕೆ ಆ ರಾಜ್ಯದ ಅಂಗವಾಗಿತ್ತು. ಆಗಲೇ ಹೇಳಿದ ಪಿರಾರ್, 1607ರಲ್ಲಿ ಮಾಲ್ದೀವ್ಸನ್ನು ಬಿಡುವಾಗ ದಾರಿಯಲ್ಲಿ ಈ ದ್ವೀಪವನ್ನು ಕಂಡ. ಅವನು ಹೇಳುವಂತೆ, ಹಿಂದೊಬ್ಬ ಮಾಲ್ದೀವ್ಸ್‌ನ ಅರಸು ಇದನ್ನು ತನ್ನ ತಮ್ಮನಿಗೆ ಬಿಟ್ಟುಕೊಟ್ಟಿದ್ದ, ಪಿರಾರ್ ಬಂದಾಗ ಇಲ್ಲಿ ಆಳುತ್ತಿದ್ದವಳು ಒಬ್ಬ ಹೆಂಗಸು, ಆಕೆ ರಕ್ಷಣೆಗಾಗಿ ಕಣ್ಣಾನೂರಿನ ದೊರೆಯ ಆಶ್ರಯದಲ್ಲಿದ್ದಳು, ನಡೆನುಡಿಗಳೆಲ್ಲ ಮಾಲ್ದೀವ್ಸ್‌ನವೇ. ರಾಜಕೀಯ ಉತ್ತರಕ್ಕೆ ತಿರುಗಿತ್ತು, ನಾಲಗೆ ತಿರುಗಿರಲಿಲ್ಲ. ಅನಂತರ ಅರಕ್ಕಲ್ ಮನೆತನ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಸರಕಾರ, ಆಮೇಲೆ ಸ್ವತಂತ್ರ ಭಾರತ – ಹೀಗೆ ಒಡೆತನ ಬದಲಾಯಿತು. 1965ರಲ್ಲಿ ಮಾಲ್ದೀವ್ಸ್ ಸ್ವತಂತ್ರ ದೇಶವಾಯಿತು. 1976ರ ಡಿಸೆಂಬರಿನಲ್ಲಿ ಎರಡೂ ದೇಶಗಳು ಒಪ್ಪಂದ ಮಾಡಿಕೊಂಡು ಕಡಲಿನ ನಡುವೆ ಗಡಿರೇಖೆಯನ್ನು ಎಳೆದವು. ಅಲೆಯ ಮೇಲೆ ಎಳೆದ ಆ ಗೆರೆಯ ಎರಡು ಕಡೆಯೂ ಒಂದೇ ಮಾತು ಉಳಿಯಿತು.

ನಾಲ್ಕು ಶತಮಾನ ಕಾಲ ಬೇರೆ ಆಳ್ವಿಕೆ, ಬೇರೆ ವ್ಯಾಪಾರ, ಬೇರೆ ಬಂದರುಗಳ ನಂಟಿದ್ದರೂ ಈ ಭಾಷೆ ಉಳಿದದ್ದು ಹೇಗೆ? ಉತ್ತರ ಆ ದ್ವೀಪದ ಮನೆಗಳಲ್ಲಿದೆ ಎಂದು ನನಗೆ ತೋರುತ್ತದೆ. ಮಲಿಕುವಿನ ಗಂಡಸರು ಹೆಸರಾಂತ ನಾವಿಕರು. ತಲೆತಲಾಂತರದಿಂದ ಜಗತ್ತಿನ ಹಡಗುಗಳಲ್ಲಿ ದುಡಿದವರು. ಊರಿನಲ್ಲಿ ಉಳಿದವರದು ಗಾಳಹಾಕಿ ಸೂರೆಮೀನು ಹಿಡಿಯುವ ಕಸುಬು. ವರ್ಷದ ಬಹುಭಾಗ ದ್ವೀಪ ನಡೆಯುತ್ತಿದ್ದದ್ದು ಹೆಂಗಸರ ಕೈಯಲ್ಲಿ. ಮದುವೆಯಾದ ಗಂಡು ಹೆಣ್ಣಿನ ಮನೆಗೆ ಹೋಗಿ ನೆಲೆಸುವುದು ಅಲ್ಲಿಯ ವಾಡಿಕೆ. ಅಳಿಯಸಂತಾನದ ಕಟ್ಟನ್ನು ಕಂಡ ತುಳುನಾಡಿನವರಿಗೆ ಇದು ತೀರ ಅಪರಿಚಿತವೆನಿಸದು. ದ್ವೀಪದ ಹನ್ನೊಂದು ಹಳ್ಳಿಗಳಿಗೂ ಬೊಡುಕಾಕ ಎಂಬ ಹಿರಿಯನಿರುತ್ತಾನೆ. ಹೆಂಗಸರಿಗೆ ಅವರದೇ ಆದ ಹಿರಿಯಳಿರುತ್ತಾಳೆ. ಮಾರ್ಕೊ ಪೋಲೊ ಹೇಳಿದ ‘ಹೆಂಗಸರ ದ್ವೀಪ’ ಇದೇ ಇರಬೇಕೆಂದು ಕೆಲವರು ಊಹಿಸಿದ್ದಾರೆ. ಗಂಡಸರೆಲ್ಲ ಕಡಲಿಗೆ ಹೋಗಿದ್ದ ಹೊತ್ತಿನಲ್ಲಿ ದಡಕ್ಕೆ ಬಂದ ಪರದೇಶಿಗಳು ಕಟ್ಟಿದ ಕಥೆ ಹಾಗೆ ಬೆಳೆದಿದ್ದರೂ ಬೆಳೆದಿರಬಹುದು. ಗಂಡಸು ಬಂದರಿನಿಂದ ಬಂದರಿಗೆ ಹೋಗಿ ಹತ್ತು ಭಾಷೆ ಕಲಿತ. ಹೆಂಗಸು ಒಂದನ್ನೇ ಕಾದಳು. ತೊಟ್ಟಿಲಿನ ಭಾಷೆ ಅವಳದಾದ್ದರಿಂದ ದ್ವೀಪದ ಭಾಷೆಯೂ ಅವಳದೇ ಆಯಿತು.

ವ್ಯಾಪಾರದ ನಂಟು ಬಿಟ್ಟ ಗುರುತುಗಳೂ ಇಲ್ಲದಿಲ್ಲ. ಸೂರೆಮೀನನ್ನು ಬೇಯಿಸಿ, ಹೊಗೆಗಿಟ್ಟು, ಬಿಸಿಲಿನಲ್ಲಿ ಕಲ್ಲಿನಂತೆ ಒಣಗಿಸಿದ ಪದಾರ್ಥಕ್ಕೆ ಲಕ್ಷದ್ವೀಪದಲ್ಲೆಲ್ಲ ‘ಮಾಸ್‌ಮಿನ್’ ಎನ್ನುತ್ತಾರೆ. ‘ಮಸ್’ ಎಂದರೆ ದಿವೆಹಿಯಲ್ಲಿ ಮೀನು. ‘ಮೀನ್’ ಎಂದರೆ ಮಲಯಾಳದಲ್ಲಿ ಮೀನು. ಎರಡು ಭಾಷೆಯ ಮೀನುಗಳು ಒಂದೇ ಬಲೆಯಲ್ಲಿ ಬಿದ್ದಿವೆ.

ವಂಶದ ವಿಚಾರವಾಗಿ ವಿಜ್ಞಾನ ಏನು ಹೇಳುತ್ತದೆ? ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ಲಕ್ಷದ್ವೀಪದ ಜನರ ತಾಯಿಯ ಕಡೆಯ ಹಾಗೂ ತಂದೆಯ ಕಡೆಯ ಅನುವಂಶಿಕ ಗುರುತುಗಳನ್ನು ಪರೀಕ್ಷಿಸಿ 2019ರಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ಆ ಜನ ಮಾಲ್ದೀವ್ಸ್, ಶ್ರೀಲಂಕಾ ಮತ್ತು ಭಾರತಗಳ ಜನರಿಗೆ ಹತ್ತಿರದವರು. ಮೊದಲು ಬಂದು ನೆಲೆಸಿದ ಕೆಲವೇ ಕುಟುಂಬಗಳ ಅಚ್ಚು ಅವರಲ್ಲಿ ಎದ್ದು ಕಾಣುತ್ತದೆ ಎಂಬುದು ಅದರ ಸಾರ. ಭಾಷೆ ಹೇಳಿದ ಕಥೆಗೂ ರಕ್ತ ಹೇಳಿದ ಕಥೆಗೂ ಇಲ್ಲಿ ದೊಡ್ಡ ವಿರೋಧವಿಲ್ಲ. ಆದರೆ ರಕ್ತ ಯಾರ ಮಕ್ಕಳೆಂದಷ್ಟೇ ಹೇಳುತ್ತದೆ. ಆ ಮಕ್ಕಳು ಏನೆಂದು ಬಾಳಿದರೆಂಬುದನ್ನು ಹೇಳಲಾರದು. ಅದನ್ನು ಹೇಳುವುದಕ್ಕೆ ಮಾತೇ ಬೇಕು.

ಮಾತಿನೊಳಗೆ ವಿದ್ಯೆಯೂ ಇರುತ್ತದೆ. ಮಲಿಕುವಿನಲ್ಲಿ 1938ರಲ್ಲಿ ಹುಟ್ಟಿದ ಅಲಿ ಮಾಣಿಕ್‌ಫಾನರು ಮೀನುಗಳ ಜ್ಞಾನದಲ್ಲಿ ವಿಜ್ಞಾನಿಗಳನ್ನು ಬೆರಗುಗೊಳಿಸಿದವರು. ಒಂದು ಮೀನಿನ ಶಾಸ್ತ್ರೀಯ ನಾಮದಲ್ಲಿಯೇ ಅವರ ಹೆಸರು ಸೇರಿದೆ. ಟಿಮ್ ಸೆವೆರಿನ್ ಎಂಬ ಸಾಹಸಿಗಾಗಿ, ಮೊಳೆಯ ಬದಲು ತೆಂಗಿನ ಹುರಿಯಿಂದ ಹಲಗೆಗಳನ್ನು ಹೊಲಿದು ‘ಸೊಹಾರ್’ ಎಂಬ ಹಡಗನ್ನು ಕಟ್ಟುವಲ್ಲಿ ಅವರು ಕೈಜೋಡಿಸಿದರು. ಅದು 1980–81ರಲ್ಲಿ ಒಮಾನಿನಿಂದ ಚೀನಾದವರೆಗೆ ತೇಲಿಹೋಯಿತು. 2021ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು. ಮೀನಿನ, ಗಾಳಿಯ, ಹಲಗೆಯ, ಹುರಿಯ ಈ ತಿಳಿವಳಿಕೆಗೆ ಮೂಲವಾದದ್ದು ಆ ದ್ವೀಪದ ಮಾತೇ ಅಲ್ಲವೆ?

ಮಲಿಕುವಿನ ಮಗು ಮನೆಯಲ್ಲಿ ದಿವೆಹಿ, ಮಸೀದಿಯಲ್ಲಿ ಅರಬ್ಬಿ, ಶಾಲೆಯಲ್ಲಿ ಮಲಯಾಳ ಮತ್ತು ಇಂಗ್ಲಿಷ್ ಕಲಿಯುತ್ತ ಬಂದಿದೆ. ಮನೆಯಲ್ಲಿ ತುಳು, ಪೇಟೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡಿ ಬೆಳೆದ ನಮ್ಮ ಕರಾವಳಿಯ ಮಕ್ಕಳಿಗೆ ಇದು ಹೊರೆಯೆಂದು ತೋರದು. ಹೊರೆಯಾಗುವುದು ಹಲವು ಭಾಷೆಗಳಲ್ಲ. ಮನೆಯ ಭಾಷೆಗೆ ಶಾಲೆಯ ಹೊಸ್ತಿಲಿನೊಳಗೆ ಜಾಗವಿಲ್ಲವೆಂಬ ತಿಳಿವಳಿಕೆ. 2025ರ ಮೇ ತಿಂಗಳಲ್ಲಿ ಲಕ್ಷದ್ವೀಪದ ಆಡಳಿತ ಒಂದು ಆದೇಶ ಹೊರಡಿಸಿ, ಶಾಲೆಗಳಲ್ಲಿ ಮೂರನೆಯ ಭಾಷೆಗಳಾಗಿದ್ದ ಅರಬ್ಬಿ ಮತ್ತು ಮಹಲ್‌ಗಳ ಜಾಗದಲ್ಲಿ ಹಿಂದಿಯನ್ನು ತರಲು ಮುಂದಾಯಿತು. ಜೂನ್ ತಿಂಗಳಲ್ಲಿ ಕೇರಳದ ಉಚ್ಚ ನ್ಯಾಯಾಲಯ ಅದಕ್ಕೆ ತಡೆಯಾಜ್ಞೆ ಕೊಟ್ಟಿತು. ಹಿಂದಿಯ ಮೇಲೆ ನನಗೆ ಹಗೆಯಿಲ್ಲ. ಆದರೆ ಹತ್ತು ಸಾವಿರ ಜನರ ಭಾಷೆಯನ್ನು ತೆಗೆದುಹಾಕುವುದು ಕಾಗದದ ಮೇಲೆ ಎಷ್ಟು ಸುಲಭವೆಂಬುದು ಮನಸ್ಸನ್ನು ಕಲಕುತ್ತದೆ.

ಆ ಭಾಷೆ ಮಾಲ್ದೀವ್ಸ್‌ನಲ್ಲಿ ಕ್ಷೇಮವಾಗಿದೆಯಲ್ಲ, ಅಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಜನ ಅದನ್ನಾಡುತ್ತಾರಲ್ಲ ಎಂದು ಕೆಲವರು ಹೇಳಬಹುದು. ನೆರೆಮನೆಯಲ್ಲಿ ದೀಪವಿದೆಯೆಂದು ನಮ್ಮ ಮನೆಯ ದೀಪವನ್ನು ಆರಿಸುವವರುಂಟೆ? ಮಲಿಕುವಿನ ದಿವೆಹಿ ಮಾಲೆಯ ದಿವೆಹಿಯಲ್ಲ. ನಾಲ್ಕು ಶತಮಾನಗಳ ಅಗಲಿಕೆಯಲ್ಲಿ ಅದು ತನ್ನದೇ ಆದ ಪದಗಳನ್ನೂ ಒಲವುಗಳನ್ನೂ ಬೆಳೆಸಿಕೊಂಡಿದೆ. ಭಾರತದ ನುಡಿಗಳ ನಡುವೆ ಸಿಂಹಳದ ಈ ತಂಗಿಗೆ ಇರುವ ಹಳೆಯ ಮನೆ ಇದೊಂದೇ.

ಆ ಸಂಜೆ ದಕ್ಕೆಯ ಮೇಲೆ ‘ಹತ್’ ಎಂಬುದನ್ನು ಕೇಳಿ ನಕ್ಕಿದ್ದೆ ಎಂದೆನಲ್ಲ, ಆ ನಗುವಿಗೆ ನನಗೆ ಈಗಲೂ ನಾಚಿಕೆಯಾಗುತ್ತದೆ. ದೊಡ್ಡ ಭಾಷೆಯವರು ಸಣ್ಣ ಭಾಷೆಯವರ ಎಣಿಕೆಯನ್ನು ತಪ್ಪೆಂದು ಭಾವಿಸುವುದು ಹೀಗೆಯೇ. ತಮ್ಮ ಕಿವಿಗೆ ಪರಿಚಿತವಾದದ್ದಷ್ಟೇ ಸರಿಯೆಂದು ಅವರಿಗೆ ತೋರುತ್ತದೆ. ನಮ್ಮ ಭಾಷೆಯನ್ನು ಇತರರು ಹಾಗೆ ಕಂಡಾಗ ನಾವು ನೊಂದುಕೊಳ್ಳುತ್ತೇವೆ. ಆ ಮುದುಕ ಏಳನೆಯ ಸುತ್ತನ್ನು ಏಳೆಂದೇ ಎಣಿಸಿದ್ದ. ಎಂಟು, ಒಂಬತ್ತು, ಹತ್ತು ಎಂದು ಮುಗಿಸಿ, ಹಗ್ಗದ ಸುರುಳಿಯನ್ನು ಕೆಳಗಿಟ್ಟು, ಲೆಕ್ಕ ಸರಿಹೋಯಿತೋ ಎಂಬಂತೆ ನಮ್ಮ ಮುಖ ನೋಡಿದ. ಆತನ ಲೆಕ್ಕ ಸರಿಯಾಗಿಯೇ ಇತ್ತು.